ಬಿಸಿ ಆರದ ತುಂಡು

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಬೇಕು. ಗಂಡನ ಪಕ್ಕದಲ್ಲಿ ನಿಂತವಳು ಮೂಗು ಕಣ್ಣು ತಿದ್ದಿದಂತಿರುವ ಚಿಕ್ಕ ವಯಸ್ಸಿನವಳಾದರೆ ನಾಲ್ಕು ಜನರ ಹತ್ತಿರ ಹೇಳಿಕೊಂಡು ಅಳಬಹುದು, ಕೇಳಿದವರೂ ಅಯ್ಯೋ ಪಾಪ ಅನ್ನುತ್ತಾರೆ. ಅಳತೆಯಮ್ಮನ ಪಾಲಿಗೆ ಬಂದದ್ದು ಅಂಥ ಮರ್ಯಾದೆಯ ಹೊಟ್ಟೆಕಿಚ್ಚಲ್ಲ. ಅವಳ ಹೊಟ್ಟೆ ಉರಿಸುತ್ತಿದ್ದವಳು ಐವತ್ತು ದಾಟಿದ, ಗುಂಡುಗುಂಡಾದ, ದಪ್ಪ ಗಾಜಿನ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ, ನಕ್ಕರೆ ಶೆಡ್ಡಿನ ತಗಡು ಅದುರುವಂತೆ ನಗುವ ಹೆಂಗಸು. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ಅಳತೆಯಮ್ಮನ ಗಂಡನೂ ಅಕ್ಕ ಅನ್ನುತ್ತಿದ್ದ. ಹೀಗಿರುವಾಗ ಯಾರ ಹತ್ತಿರ ಹೋಗಿ ಏನೆಂದು ದೂರುವುದು? ಅಕ್ಕ ಅಂದುಬಿಟ್ಟರೆ ಎಲ್ಲ ಮುಗಿಯಿತೇ ಎಂದು ಅವಳು ತನ್ನೊಳಗೇ ಹಲ್ಲು ಕಡಿಯುತ್ತಿದ್ದಳು, ಅಷ್ಟೇ.

ಅಳತೆಯಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆ ಕೊಟ್ಟ ಬಿರುದು. ಅಲ್ಲಿ ಅಲ್ಯೂಮಿನಿಯಂನ ಗೇರ್‌ಬಾಕ್ಸ್ ಕವಚಗಳನ್ನು ಮಾಡುತ್ತಿದ್ದರು. ಎರಕವಾಗಿ ಬಂದ ಒರಟು ತುಂಡು ಯಂತ್ರದೊಳಗೆ ಹೋಗಿ, ಮುಖ ಸವರಿಸಿಕೊಂಡು, ಬೇರಿಂಗ್ ಕೂರುವುದಕ್ಕೆ ಹೊಟ್ಟೆಯಲ್ಲೊಂದು ದುಂಡನೆಯ ತೂತು ಕೊರೆಸಿಕೊಂಡು ಹೊರಗೆ ಬರುತ್ತಿತ್ತು. ಆ ತೂತು ಕೂದಲೆಳೆಯ ಕಾಲುಭಾಗದಷ್ಟು ದೊಡ್ಡದಾದರೂ ಬೇರಿಂಗ್ ಒಳಗೆ ಲೊಡಲೊಡ ಅನ್ನುತ್ತದೆ, ಅಷ್ಟೇ ಚಿಕ್ಕದಾದರೆ ಕೂರುವುದೇ ಇಲ್ಲ. ಕಡಿಮೆ ಕೊರೆದದ್ದನ್ನು ಮತ್ತೆ ಕೊರೆದು ಉಳಿಸಿಕೊಳ್ಳಬಹುದು, ಹೆಚ್ಚು ಕೊರೆದದ್ದಕ್ಕೆ ಮದ್ದಿಲ್ಲ. ಸರಿಯೋ ತಪ್ಪೋ ಎಂದು ತೀರ್ಪು ಕೊಡುವವಳು ಅಳತೆಯಮ್ಮ. ಶೆಡ್ಡಿನ ಮೂಲೆಯ ಗಾಜಿನ ಕೋಣೆ ಅವಳದು. ಒಳಗೆ ಸದಾ ಒಂದೇ ತಂಪು, ನಡುವೆ ಕರಿಕಲ್ಲಿನ ಮೇಜು, ಮಖಮಲ್ಲಿನ ಪೆಟ್ಟಿಗೆಗಳಲ್ಲಿ ಮಲಗಿದ, ತೂತಿನ ಅಳತೆ ಹೇಳುವ ಗೇಜುಗಳು, ಒಂದು ಸ್ಟೂಲು, ಬಣ್ಣದ ಎರಡು ಡಬ್ಬಿ. ಅವಳು ಹಸಿರು ಬಳಿದರೆ ತುಂಡು ಲಾರಿ ಹತ್ತುತ್ತದೆ, ಕೆಂಪು ಬಳಿದರೆ ಗುಜರಿಯ ತೊಟ್ಟಿಗೆ ಬೀಳುತ್ತದೆ. ಅವಳು ಅಳೆದ ಮೇಲೆ ಇನ್ನೊಬ್ಬರು ಅಳೆಯುವ ಪದ್ಧತಿ ಅಲ್ಲಿರಲಿಲ್ಲ. ಮಾಲೀಕರು ಸಹ ಗೇಜು ಮುಟ್ಟುತ್ತಿರಲಿಲ್ಲ.

ಅವಳ ಗಂಡ ಅದೇ ಶೆಡ್ಡಿನಲ್ಲಿ ಸೆಟ್ಟರ್. ತುಂಡನ್ನು ಯಂತ್ರದಲ್ಲಿ ಬಿಗಿದು, ಹತಾರಗಳನ್ನು ಹೊಂದಿಸಿ, ಮೊದಲ ತುಂಡು ಸರಿಯಾಗಿ ಬರುವವರೆಗೆ ಜವಾಬ್ದಾರಿ ಅವನದು. ಆ ಮೊದಲ ತುಂಡನ್ನು ಅವನೇ ಎತ್ತಿಕೊಂಡು ಹೆಂಡತಿಯ ಕೋಣೆಗೆ ಬರುತ್ತಿದ್ದ. ಬಂದ ತಕ್ಷಣ ಅಳೆಯುವಂತಿಲ್ಲ. ಯಂತ್ರದಿಂದ ಇಳಿದ ಲೋಹ ಬೆಚ್ಚಗಿರುತ್ತದೆ, ಬೆಚ್ಚಗಿರುವಾಗ ಹಿಗ್ಗಿರುತ್ತದೆ, ಜೊತೆಗೆ ಅದರ ತೂತೂ ಹಿಗ್ಗಿರುತ್ತದೆ. ಆಗ ಅಳೆದ ಅಳತೆ ಕುಡುಕನ ಸಾಕ್ಷಿಯ ಹಾಗೆ, ನಂಬಿದವನು ಕೆಟ್ಟ. ಆದ್ದರಿಂದ ತುಂಡನ್ನು ಕಲ್ಲಿನ ಮೇಲಿಟ್ಟು ಆರಲು ಬಿಡಬೇಕು. ಅವಳು ನಡುನಡುವೆ ಮಗುವಿನ ಜ್ವರ ನೋಡುವವಳ ಹಾಗೆ ಕೈಯ ಹಿಂಭಾಗವನ್ನು ಅದಕ್ಕೆ ತಾಗಿಸಿ ನೋಡುತ್ತಿದ್ದಳು. ಹೊಸದಾಗಿ ಸೇರಿದವರಿಗೆಲ್ಲ ಈ ಪಾಠ ಹೇಳಿಕೊಟ್ಟವಳೂ ಅವಳೇ.

ತುಂಡು ಆರುವ ಹೊತ್ತು ಅವರಿಬ್ಬರ ಹೊತ್ತು. ಗಂಡ ಸ್ಟೂಲಿನ ಮೇಲೆ ಕೂರುತ್ತಿದ್ದ. ಹತಾರ ಮೊಂಡಾದದ್ದು, ಎರಕದವನು ಗುಳ್ಳೆ ಬಿದ್ದ ಮಾಲು ಕಳಿಸಿದ್ದು, ಮಾಲೀಕರ ಹೊಸ ಹಲ್ಲುಸೆಟ್ಟು ಮಾತಿನ ನಡುವೆ ಜಾರಿದ್ದು, ಎಲ್ಲ ಮಾತೂ ಅಲ್ಲೇ. ಮನೆಯಲ್ಲಿ ಅತ್ತೆ ಇದ್ದರು, ಅತ್ತೆಯ ಕಿವಿ ಇನ್ನೂ ಚುರುಕಾಗಿತ್ತು, ಹಾಗಾಗಿ ಅಲ್ಲಿ ಗಂಡ ಹೆಂಡಿರ ಮಾತು ಉಪ್ಪು ಹುಳಿಯ ಆಚೆ ಹೋಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವರ ಸಂಸಾರ ನಡೆಯುತ್ತಿದ್ದದ್ದು ಆ ಕಲ್ಲಿನ ಮೇಜಿನ ಆಚೆ ಈಚೆ. ತುಂಡು ಆರಿದ ಮೇಲೆ ಅವಳು ಗೇಜು ಇಳಿಸಿ, ಮುಳ್ಳು ನೋಡಿ, ಅಂಕಿ ಹೇಳುತ್ತಿದ್ದಳು. ಅವನು ಮುಳ್ಳಿನ ಕಡೆ ಬಗ್ಗಿಯೂ ನೋಡುತ್ತಿರಲಿಲ್ಲ. ಅವಳು ಹೇಳಿದಳು ಅಂದರೆ ಆಯಿತು. ಕಟ್ಟಿಕೊಂಡವನು ಚಿನ್ನ ಹೇರಲಿಲ್ಲ, ಸಿಹಿಮಾತು ಆಡಲಿಲ್ಲ, ಆದರೆ ಹೀಗೊಂದು ನಂಬಿಕೆ ಕೊಟ್ಟಿದ್ದ. ಅವಳಿಗೆ ಅದೇ ದೊಡ್ಡ ಆಸ್ತಿಯಾಗಿತ್ತು.

ಇಂಥ ಹೊತ್ತಿನಲ್ಲಿ ಹೊಸ ಯಂತ್ರ ಬಂತು. ಮಷೀನಿಂಗ್ ಸೆಂಟರ್ ಅಂತ ಅದರ ಹೆಸರು. ಸಣ್ಣ ಕೋಣೆಯಷ್ಟು ದೊಡ್ಡದು, ಬಿಳೀ ಬಣ್ಣ, ಗಾಜಿನ ಬಾಗಿಲು. ಹತಾರಗಳು ಒಳಗೆ ಸಾಲಾಗಿ ನೇತಾಡುತ್ತಿದ್ದವು. ಯಾವುದು ಬೇಕೋ ಅದನ್ನು ಯಂತ್ರವೇ ಎತ್ತಿಕೊಂಡು, ಕೊರೆದು, ವಾಪಸು ಇಟ್ಟು, ಇನ್ನೊಂದನ್ನು ಎತ್ತಿಕೊಳ್ಳುತ್ತಿತ್ತು. ಹಳೆಯ ಯಂತ್ರದ ಮುಂದೆ ರಾಜನಂತೆ ನಿಂತು ಚಕ್ರ ತಿರುಗಿಸುತ್ತಿದ್ದ ಗಂಡ ಇದರ ಪರದೆಯ ಮುಂದೆ ಅಕ್ಷರ ಕಲಿಯುವ ಮಗುವಿನಂತೆ ನಿಲ್ಲಬೇಕಾಯಿತು. ಕಲಿಸುವುದಕ್ಕೆಂದು ಯಂತ್ರ ಮಾರಿದವರ ಕಡೆಯಿಂದ ಬಂದವಳೇ ಅಕ್ಕ. ಬಂದವಳು ಕಲಿಸಿ ಹೋಗಬೇಕಿತ್ತು. ಆದರೆ ಮಾಲೀಕರು ಅವಳ ಕೆಲಸ ನೋಡಿ ಇಲ್ಲೇ ಇರಿ ಅಂದರು. ಈಗ ಕೈಯಲ್ಲಿರುವ ದೊಡ್ಡ ಆರ್ಡರು ಸಾಂಗವಾಗಿ ಮುಗಿಯಲಿ, ಆಮೇಲೆ ಕಾಯಂ ಮಾಡುವ ವಿಚಾರ ನೋಡೋಣ ಎಂದೂ ಹೇಳಿದರು. ಅಕ್ಕನಿಗೆ ಆ ಕೆಲಸ ಬೇಕಾಗಿತ್ತು. ಊರೂರು ಅಲೆದು ಯಂತ್ರ ಕಲಿಸುವುದು ಸಾಕಾಗಿದೆ, ಒಂದು ಕಡೆ ಬೇರು ಬಿಡಬೇಕು ಎಂದು ಅವಳು ಎಲ್ಲರೆದುರೂ ಹೇಳಿಕೊಂಡಿದ್ದಳು.

ಅಂದಿನಿಂದ ಸ್ಟೂಲು ಖಾಲಿ ಬಿತ್ತು. ಗಂಡ ತುಂಡು ತರುತ್ತಿದ್ದ, ಕಲ್ಲಿನ ಮೇಲಿಡುತ್ತಿದ್ದ, ಅಕ್ಕ ಕಾಯ್ತಿದ್ದಾರೆ ಎಂದು ಹೇಳಿ ಹೋಗಿಬಿಡುತ್ತಿದ್ದ. ಅಳತೆಯಮ್ಮ ಗಾಜಿನಾಚೆ ನೋಡುತ್ತಿದ್ದಳು. ಪರದೆಯ ಮುಂದೆ ಎರಡು ತಲೆ, ಒಂದು ಬಗ್ಗಿದರೆ ಇನ್ನೊಂದೂ ಬಗ್ಗುತ್ತಿತ್ತು. ಅಕ್ಕ ಏನೋ ಹೇಳುತ್ತಾಳೆ, ಗಂಡ ತಲೆ ಕೆರೆದುಕೊಳ್ಳುತ್ತಾನೆ, ಮತ್ತೆ ಏನೋ ಒತ್ತುತ್ತಾನೆ, ಇಬ್ಬರೂ ನಗುತ್ತಾರೆ. ಗಾಜು ದಪ್ಪವಾದ್ದರಿಂದ ನಗು ಮಾತ್ರ ಕಾಣುತ್ತಿತ್ತು, ಕಾರಣ ಕೇಳಿಸುತ್ತಿರಲಿಲ್ಲ. ಕಾರಣ ಕೇಳಿಸದ ನಗುವಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಊಟದ ಹೊತ್ತಿನಲ್ಲೂ ಅವನು ಡಬ್ಬಿ ಎತ್ತಿಕೊಂಡು ಅಲ್ಲಿಗೇ ಹೋಗುತ್ತಿದ್ದ. ಅವಳು ಬೆಳಿಗ್ಗೆ ಎದ್ದು ಮಾಡಿ ತುಂಬಿಸಿದ ಊಟವನ್ನು ಆ ಹೆಂಗಸು ಚೆನ್ನಾಗಿದೆ ಚೆನ್ನಾಗಿದೆ ಎಂದು ತಿನ್ನುತ್ತಿದ್ದಳಂತೆ. ಅದನ್ನೂ ಗಂಡನೇ ಬಂದು ಸಂತೋಷದಿಂದ ಹೇಳಿದ. ಗಂಡಸರಿಗೆ ಎಲ್ಲಿ ಏನು ಹೇಳಬಾರದು ಅನ್ನುವುದನ್ನು ಕಲಿಸುವ ಯಂತ್ರ ಮಾತ್ರ ಇನ್ನೂ ಬಂದಿಲ್ಲ.

ಮನೆಯಲ್ಲಂತೂ ಅವನು ಕೆಲಸದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಕಾರಣ ಸರಳವಾಗಿತ್ತು. ಹೊಸ ಯಂತ್ರ ಅವನಿಗೆ ಇನ್ನೂ ಅರ್ಧ ಅರ್ಥವಾಗಿತ್ತು, ಅರ್ಧ ಅರ್ಥವಾದದ್ದನ್ನು ಹೆಂಡತಿಯ ಮುಂದೆ ಬಿಚ್ಚುವ ಗಂಡ ಇನ್ನೂ ಹುಟ್ಟಿಲ್ಲ. ಪೂರ್ತಿ ಕಲಿತ ಮೇಲೆ ಒಂದು ದಿನ ಅವಳನ್ನು ಕರೆದು ತೋರಿಸಬೇಕು ಎಂಬ ಆಸೆಯೂ ಅವನಿಗಿತ್ತು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನ್ನ ಹತ್ತಿರ ಆಡುವ ಮಾತನ್ನೆಲ್ಲ ಅಲ್ಲೇ ಆಡಿ ಮುಗಿಸಿ ಬರುತ್ತಾರೆ ಎಂದೇ ಅಳತೆಯಮ್ಮ ತಿಳಿದಳು.

ತಡೆಯಲಾರದೆ ಒಂದು ಸಂಜೆ ಅತ್ತೆಯ ಜೊತೆ ಕೂತು ತರಕಾರಿ ಹೆಚ್ಚುತ್ತಾ ಅವರ ಹತ್ತಿರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತು ತೆಗೆದಳು. ಇತ್ತೀಚೆಗೆ ನಿಮ್ಮ ಮಗ ಕಾರ್ಖಾನೆಯಲ್ಲಿ ಆ ಅಕ್ಕ ಅನ್ನೋರ ಜೊತೆಯೇ ಜಾಸ್ತಿ ಇರುತ್ತಾರೆ ಎಂದಳು. ಅತ್ತೆ ಆ ಅಕ್ಕನನ್ನು ಒಮ್ಮೆ ಕಾರ್ಖಾನೆಯ ಗೇಟಿನಲ್ಲಿ ನೋಡಿದ್ದರು. ಕೈಯಲ್ಲಿದ್ದ ಚಾಕು ಕೆಳಗಿಟ್ಟು ಸೊಸೆಯ ಮುಖವನ್ನೇ ನೋಡಿದರು.

"ಅವಳು ನನಗಿಂತ ಹತ್ತು ವರ್ಷ ಚಿಕ್ಕೋಳಿರಬೇಕು, ಅಷ್ಟೇ ಕಣೇ. ಅನುಮಾನ ಪಡಲೇಬೇಕು ಅಂತಿದ್ರೆ ನನ್ನ ಮೇಲೇ ಪಡು, ಮನೇಲೇ ಇದೀನಿ, ಕಾಯೋದು ಸುಲಭ."

ಅಂದವರೇ ಕೆಮ್ಮು ಬರುವವರೆಗೆ ನಕ್ಕರು. ಅಳತೆಯಮ್ಮನೂ ನಗಬೇಕಾಯಿತು. ನಕ್ಕದ್ದರಿಂದ ಉರಿ ಇನ್ನಷ್ಟು ಹೆಚ್ಚಿತು. ಅವಳು ಅನುಮಾನ ಪಟ್ಟದ್ದು ಅತ್ತೆ ತಿಳಿದ ವಿಷಯಕ್ಕಲ್ಲ. ಗಂಡ ಆ ಹೆಂಗಸಿನ ಕೈ ಹಿಡಿದಾನು ಎಂಬ ಭಯ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಆ ಹೆಂಗಸಿನ ಮಾತು ಹಿಡಿದಾನು ಎಂಬುದೇ ಅವಳ ಭಯ. ಹೆಂಡತಿಯ ಕಣ್ಣಿಗಿಂತ ಅಕ್ಕನ ಯಂತ್ರದ ಕಣ್ಣು ಚುರುಕು ಎಂದು ಅವನಿಗೆ ಅನ್ನಿಸಿಬಿಟ್ಟರೆ ತನ್ನದೆನ್ನುವುದು ಏನು ಉಳಿಯಿತು? ಆ ಹೊಸ ಯಂತ್ರಕ್ಕೆ ತಾನೇ ಕೊರೆದ ತೂತನ್ನು, ಬಿಸಿಗೆ ಹಿಗ್ಗಿದ್ದನ್ನೂ ಲೆಕ್ಕಕ್ಕೆ ಹಿಡಿದು, ತಾನೇ ಮುಟ್ಟಿ ಅಳೆಯುವ ಒಂದು ಸಣ್ಣ ಕಡ್ಡಿಯೂ ಇತ್ತು. ಅದನ್ನು ಕಂಡರೆ ಅಳತೆಯಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ಕೈಯಲ್ಲಿದ್ದ ಆಯುಧವೆಂದರೆ ಗೇಜು. ಹೊಸ ಯಂತ್ರದಿಂದ ಬಂದ ತುಂಡುಗಳಲ್ಲಿ ಅವಳು ತಪ್ಪು ಹುಡುಕತೊಡಗಿದಳು. ಸುಳ್ಳು ಹೇಳಲಿಲ್ಲ, ಆ ಮಾತು ಒಪ್ಪಲೇಬೇಕು. ಆದರೆ ಹಿಂದೆ ಕಂಡೂ ಕಾಣದಂತೆ ಬಿಡುತ್ತಿದ್ದದ್ದನ್ನೆಲ್ಲ ಈಗ ಭೂತಗನ್ನಡಿ ಹಿಡಿದು ಕಂಡಳು. ಅಂಚಿನಲ್ಲಿ ಉಗುರಿಗೆ ಮಾತ್ರ ಸಿಗುವ ಒರಟು, ಒಳಮೈಯಲ್ಲಿ ಉಸಿರಿನಷ್ಟು ತೆಳು ಗೀರು, ಅಳತೆ ಮಿತಿಯೊಳಗೇ ಇದ್ದರೂ ಒಂದು ಕಡೆಗೆ ವಾಲಿದ್ದು. ಒಂದೊಂದಕ್ಕೂ ತುಂಡು ವಾಪಸು. ಆದದ್ದೇನು? ವಾಪಸು ಬಂದ ಒಂದೊಂದು ತುಂಡಿಗೂ ಆ ಎರಡು ತಲೆ ಇನ್ನೊಂದು ಗಂಟೆ ಒಟ್ಟಿಗೆ ಬಗ್ಗಿದವು. ಅಕ್ಕ ಅವಳ ಆಕ್ಷೇಪಣೆಗೆ ಕೋಪಿಸಿಕೊಳ್ಳುವುದಿರಲಿ, ಎಂಥ ಕಣ್ಣಪ್ಪಾ ನಿಮ್ಮ ಮನೆಯವರದು, ಇಂಥವರಿದ್ದರೆ ನಮ್ಮ ಕೆಲಸ ಬೆಳಗುತ್ತದೆ ಎಂದು ಗಂಡನ ಹತ್ತಿರ ಹೊಗಳಿದಳು. ತಿದ್ದಿ ತಿದ್ದಿ ತುಂಡುಗಳು ಕನ್ನಡಿಯ ಹಾಗೆ ಬರತೊಡಗಿದವು. ಮಾಲೀಕರು ಒಂದು ದಿನ ಕೋಣೆಗೆ ಬಂದು ತುಂಡನ್ನು ಬೆಳಕಿಗೆ ಹಿಡಿದು, ಇವರಿಬ್ಬರೂ ಒಳ್ಳೇ ಜೋಡೆತ್ತು ಕಣಮ್ಮ, ಬೇರೆ ಮಾಡೋದೇ ಬೇಡ ಎಂದು ಹೇಳಿ ಹೋದರು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಅಂದರೆ ಇದೇ. ಈ ಬೆಂಕಿಗೆ ಸೌದೆ ಒಟ್ಟಿದವಳೂ ತಾನೇ ಎಂಬುದು ಅವಳಿಗೆ ಗೊತ್ತಿತ್ತು, ಅದರಿಂದ ಇನ್ನೂ ಉರಿಯಿತು.

ಆರ್ಡರಿನ ಕೊನೆಯ ಕಂತು ಬಾಕಿ ಇತ್ತು. ಮಾರನೆಯ ದಿನ ಲಾರಿ. ಮಾಲೀಕರು ಬೆಳಿಗ್ಗೆಯಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ಶೆಡ್ಡಿನಲ್ಲಿ ಓಡಾಡುತ್ತಿದ್ದರು. ಹೊರಗೆ ಸುಡುವ ಬಿಸಿಲು, ಯಂತ್ರದೊಳಗೆ ಹತಾರ ತಂಪಾಗಿರಲೆಂದು ಸುರಿಯುವ ಹಾಲುಬಣ್ಣದ ನೀರು ಕೂಡ ಬೆಚ್ಚಗಾಗಿತ್ತು. ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ ಗಂಡ ಕಂತಿನ ಮೊದಲ ತುಂಡನ್ನು ಬಟ್ಟೆಯಲ್ಲಿ ಹಿಡಿದು ತಂದು ಕಲ್ಲಿನ ಮೇಲಿಟ್ಟ. ಅಳತೆಯಮ್ಮ ಅಂದು ಏನೋ ಮನಸ್ಸು ಮಾಡಿ, ಡಬ್ಬಿಯ ಜೊತೆ ಎರಡು ತಟ್ಟೆ ತಂದು ಬಡಿಸಿಟ್ಟಿದ್ದಳು. ಸ್ಟೂಲನ್ನು ಒರೆಸಿಟ್ಟಿದ್ದಳು. ಇವತ್ತು ಆರುವವರೆಗೆ ಇಲ್ಲೇ ಕೂತು ಊಟ ಮಾಡಿ ಎಂದಳು. ಅವನು ತಟ್ಟೆಗಳ ಕಡೆ ನೋಡಲೂ ಇಲ್ಲ. ಅಕ್ಕ ಇನ್ನೊಂದು ವಿಷಯ ತೋರಿಸ್ತೀನಿ ಅಂದಿದ್ದಾರೆ, ನೀನು ಊಟ ಮುಗಿಸು ಎಂದು ಹೇಳಿ ಹೊರಟ. ಗಾಜಿನಾಚೆ ಅಕ್ಕ ಅವನಿಗೆ ಏನೋ ಹೇಳಿದಳು, ಅವನು ಹಣೆ ಚಚ್ಚಿಕೊಂಡು ನಕ್ಕ. ನನ್ನ ತಟ್ಟೆಗಳ ಸುದ್ದಿಯನ್ನೇ ಹೇಳಿ ನಗುತ್ತಿದ್ದಾರೆ ಎಂದು ಅಳತೆಯಮ್ಮನಿಗೆ ಖಂಡಿತವಾಗಿ ಅನ್ನಿಸಿತು.

ಅವಳು ಪೆಟ್ಟಿಗೆ ತೆರೆದಳು. ಗೇಜನ್ನು ಎತ್ತಿಕೊಂಡಳು. ಕೈಯ ಹಿಂಭಾಗವನ್ನು ತುಂಡಿಗೆ ತಾಗಿಸಲಿಲ್ಲ. ತಾಗಿಸಿದ್ದರೆ ಗೊತ್ತಾಗುತ್ತಿತ್ತು, ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ. ಗೇಜು ತೂತಿನೊಳಗೆ ಇಳಿಯಿತು. ಮುಳ್ಳು ಮಿತಿಯ ಗೆರೆ ದಾಟಿ ಆಚೆ ನಿಂತಿತು. ತೂತು ದೊಡ್ಡದು. ಎಷ್ಟು ದೊಡ್ಡದು ಎಂದು ಚೀಟಿಯಲ್ಲಿ ಬರೆದಳು, ತುಂಡಿನ ನೆತ್ತಿಯ ಮೇಲೆ ಕೆಂಪು ಬಳಿದಳು. ಅಷ್ಟು ಚೆನ್ನಾಗಿ, ಅಷ್ಟು ಅಗಲವಾಗಿ ಅವಳು ಎಂದೂ ಕೆಂಪು ಬಳಿದಿರಲಿಲ್ಲ.

ಚೀಟಿ ಹಿಡಿದುಕೊಂಡು ತಾನೇ ಯಂತ್ರದ ಹತ್ತಿರ ಹೋದಳು. ಮಾಲೀಕರೂ ಅಲ್ಲೇ ಇದ್ದರು. ದೊಡ್ಡದಾಗಿದೆ ಎಂದಳು. ಅಕ್ಕ ಚೀಟಿ ನೋಡಿ ಕನ್ನಡಕ ಏರಿಸಿಕೊಂಡಳು. ಯಂತ್ರದ ಕಡ್ಡಿ ಅಳೆದಾಗ ಸರಿಯಾಗಿತ್ತಲ್ಲ ಎಂದು ಪರದೆ ತೋರಿಸಿದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. ಇಷ್ಟು ವ್ಯತ್ಯಾಸ ಬರಬಾರದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಅಳೆದು ನೋಡೋಣವೇ ಎಂದು ಕೇಳಿದಳು. ಅಳತೆಯಮ್ಮ ಬಾಯಿ ತೆರೆಯುವಷ್ಟರಲ್ಲಿ ಗಂಡ ಮಾತಾಡಿದ.

"ಬೇಡ ಅಕ್ಕ. ಅವಳು ಅಳೆದ ಮೇಲೆ ಇನ್ನೊಬ್ರು ಅಳೆಯೋದು ಈ ಶೆಡ್ಡಲ್ಲಿಲ್ಲ. ಮಷೀನು ಸರಿ ಅಂದ್ರೂ ಅವಳು ತಪ್ಪು ಅಂದ್ರೆ ತಪ್ಪೇ. ನಿಮ್ಮ ಕಡ್ಡೀನೇ ತಪ್ಪು ಹೇಳ್ತಿರಬೇಕು."

ಮಾಲೀಕರು ಹೌದೆಂದು ತಲೆಯಾಡಿಸಿದರು. ಅಕ್ಕ ಗಂಡನನ್ನು ನೋಡಿ, ಅಳತೆಯಮ್ಮನನ್ನು ನೋಡಿ, ಸರಿ ಎಂದು ಪಕ್ಕಕ್ಕೆ ಸರಿದಳು. ಎಷ್ಟು ತಿಂಗಳಿಂದ ಈ ಮಾತಿಗಾಗಿ ಅಳತೆಯಮ್ಮ ಬಾಯಾರಿ ಕೂತಿದ್ದಳು. ಅದು ಬಂತು. ಅದೂ ಆ ಹೆಂಗಸಿನ ಎದುರಿಗೆ, ಮಾಲೀಕರ ಎದುರಿಗೆ, ನಾಲ್ಕು ಜನ ಕೇಳುವಂತೆ ಬಂತು. ತಡೆಯಿರಿ, ಅದಿನ್ನೂ ಬಿಸಿ ಇತ್ತು ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ಅಷ್ಟು ಉಸಿರು ಅವಳಲ್ಲಿ ಹುಟ್ಟಲಿಲ್ಲ. ಬಾಯಿಗೆ ಬಿದ್ದ ಬೆಲ್ಲವನ್ನು ಉಗುಳುವವರು ಯಾರು? ಗಂಡ ಪರದೆಯ ಮುಂದೆ ಬಗ್ಗಿ, ತೂತಿನ ಅಳತೆಯಲ್ಲಿ ಅವಳು ಚೀಟಿಯಲ್ಲಿ ಬರೆದಷ್ಟನ್ನೂ ಕಡಿಮೆ ಮಾಡಿ ಒಂದೇ ಸಲ ಗುಂಡಿ ಒತ್ತಿದ. ಸಂಜೆಯೊಳಗೆ ಕಂತು ಮುಗಿಯಬೇಕು, ಇನ್ನು ನಿಲ್ಲಿಸುವುದು ಬೇಡ, ಎಲ್ಲವನ್ನೂ ಒಟ್ಟಿಗೆ ಅಳೆದರಾಯಿತು ಎಂದು ಮಾಲೀಕರು ಅವಸರಪಡಿಸಿದರು. ಯಂತ್ರ ಓಡಿತು.

ಅವಳು ಕೋಣೆಗೆ ಮರಳಿದಾಗ ಮುಖ ಅರಳಿದ ಮಲ್ಲಿಗೆಯಾಗಿತ್ತು. ಎರಡೂ ತಟ್ಟೆಯ ಊಟವನ್ನು ತಾನೊಬ್ಬಳೇ ಉಂಡಳು. ಕೈ ತೊಳೆದು ಬಂದಾಗ ಕೆಂಪು ಬಳಿದ ತುಂಡು ಕಲ್ಲಿನ ಮೇಲೇ ಕೂತಿತ್ತು. ತೊಟ್ಟಿಗೆ ಹಾಕಲೆಂದು ಎತ್ತಿದಳು. ತಣ್ಣಗಿತ್ತು. ಈಗ ಅಳೆದರೆ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಅವಳ ಕೈಗೇ ಗೊತ್ತಿತ್ತು. ಗೇಜು ಎರಡು ಗೇಣು ದೂರದಲ್ಲಿತ್ತು. ಅವಳು ಅಳೆಯಲಿಲ್ಲ. ತುಂಡನ್ನು ಗುಜರಿಯ ತೊಟ್ಟಿಯ ತಳಕ್ಕೆ, ಬೇರೆ ತುಂಡುಗಳ ಕೆಳಗೆ ಸೇರಿಸಿ ಬಂದು ಕೂತಳು. ಆಚೆ ಯಂತ್ರ ಹಾಡುತ್ತಿತ್ತು. ಒಂದೊಂದು ಸಲ ಅದರ ಬಾಗಿಲು ತೆರೆದಾಗಲೂ ಅವಳು ಒರೆಸಿದ ಗೇಜನ್ನೇ ಮತ್ತೆ ಒರೆಸುತ್ತಿದ್ದಳು. ಇಲ್ಲ, ಇರಲಿಕ್ಕಿಲ್ಲ, ನಿಜವಾಗಿಯೂ ದೊಡ್ಡದೇ ಇದ್ದಿರಬಹುದು ಎಂದು ಹೇಳಿಕೊಂಡಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಹೀಗೆಯೇ ಏನೋ ಹೇಳಿಕೊಳ್ಳುತ್ತದೆಂದು ಕಾಣುತ್ತದೆ.

ಸಂಜೆ ತುಂಡುಗಳು ಬಂದವು. ಈ ಸಲ ಅವಳು ಪಾಠ ತಪ್ಪಲಿಲ್ಲ. ಎಲ್ಲವನ್ನೂ ಸಾಲಾಗಿ ಕಲ್ಲಿನ ಮೇಲಿಟ್ಟು, ಆರಲು ಬಿಟ್ಟು, ಒಂದೊಂದಕ್ಕೂ ಕೈ ತಾಗಿಸಿ ಆಮೇಲೆ ಅಳೆದಳು. ಮೊದಲನೆಯದು ಚಿಕ್ಕದು. ಎರಡನೆಯದು ಚಿಕ್ಕದು. ಕೊನೆಯದರವರೆಗೂ ಅಷ್ಟೇ, ಅವಳು ಚೀಟಿಯಲ್ಲಿ ಬರೆದಿದ್ದಷ್ಟೇ ಚಿಕ್ಕದು. ಹಸಿರು ಬಳಿದುಬಿಡಲೇ ಎಂದು ಒಂದು ಗಳಿಗೆ ಕುಂಚ ಎತ್ತಿದಳು. ಬಳಿದರೆ ಎಲ್ಲೋ ದೂರದ ಇನ್ನೊಂದು ಶೆಡ್ಡಿನಲ್ಲಿ ಬೇರಿಂಗ್ ಕೂರದೆ ಎಲ್ಲವೂ ವಾಪಸು ಬರುತ್ತದೆ. ಕುಂಚ ಇಳಿಸಿ ಮಾಲೀಕರಿಗೆ ಹೇಳಿಕಳಿಸಿದಳು.

ಮಾಲೀಕರು ಬಂದವರೇ ಅಕ್ಕನ ಮೇಲೆ ಹರಿಹಾಯ್ದರು. ಇಷ್ಟು ದಿನ ನಿಮ್ಮ ಯಂತ್ರ ಕೊಂಡಾಡಿದ್ದೇ ಬಂತು, ಲಾರಿಯವನಿಗೆ ನಾನೇನು ಹೇಳಲಿ, ಕಾಯಂ ಮಾಡುವ ಮಾತು ಇನ್ನು ಎತ್ತಲೇ ಬೇಡಿ ಎಂದರು. ಅಕ್ಕ ಪರದೆಯಲ್ಲಿ ಬೆಳಗಿನಿಂದ ಒತ್ತಿದ ಅಂಕಿಗಳನ್ನೆಲ್ಲ ತೆಗೆದು ತಪ್ಪು ಹುಡುಕುತ್ತಿದ್ದಳು. ಸದಾ ನಗುವ ಬಾಯಿ ಮುಚ್ಚಿದಾಗ ಅವಳ ಮುಖಕ್ಕೆ ಎಷ್ಟು ವಯಸ್ಸಾಗಿದೆ ಎಂದು ಅಳತೆಯಮ್ಮನಿಗೆ ಮೊದಲ ಸಲ ಕಂಡಿತು. ಇದೇ ತಾನೇ ತನಗೆ ಬೇಕಾಗಿದ್ದದ್ದು? ಬೇಕಾಗಿದ್ದದ್ದು ಎದುರಿಗೆ ಬಂದು ನಿಂತಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

ಗಂಡ ಮಾತ್ರ ಯಾರ ಕಡೆಯೂ ನೋಡದೆ ಗುಜರಿಯ ತೊಟ್ಟಿಯ ಹತ್ತಿರ ಹೋದ. ಬಗ್ಗಿ, ಮೇಲಿನ ತುಂಡುಗಳನ್ನು ಸರಿಸಿ, ತಳದಿಂದ ಆ ಕೆಂಪು ನೆತ್ತಿಯದನ್ನು ತೆಗೆದ. ಅಂಗಿಯ ತುದಿಯಿಂದ ಒರೆಸಿದ. ಅವಳ ಪಕ್ಕದಲ್ಲೇ ಹಾದು ಕೋಣೆಯೊಳಗೆ ಬಂದ. ಅವಳೂ ಹಿಂದೆಯೇ ಹೋದಳು. ಅವನು ಪೆಟ್ಟಿಗೆ ತೆರೆದು, ಅವಳ ಗೇಜನ್ನು ತೆಗೆದುಕೊಂಡು, ಅದನ್ನು ಸರಿಹೊಂದಿಸಿ, ನಿಧಾನವಾಗಿ ತೂತಿನೊಳಗೆ ಇಳಿಸಿದ. ಮದುವೆಯಾದಂದಿನಿಂದ ಅವನು ಅವಳೆದುರು ಆ ಗೇಜು ಮುಟ್ಟಿರಲಿಲ್ಲ. ಮುಳ್ಳು ಒಂದೆರಡು ಸಲ ಅಲ್ಲಾಡಿ, ಎರಡು ಗೆರೆಗಳ ನಟ್ಟನಡುವೆ ಬಂದು ನಿಂತಿತು. ಅವನು ಅದನ್ನೇ ನೋಡುತ್ತಾ ನಿಂತ. ಅವಳು ಅವನನ್ನು ನೋಡುತ್ತಾ ನಿಂತಳು. ಅವನ ಕಿವಿಗಳು ಕೆಂಪಾದವು. ಗೇಜನ್ನು ಒರೆಸಿ, ಮಖಮಲ್ಲಿನಲ್ಲಿ ಮಲಗಿಸಿ, ಪೆಟ್ಟಿಗೆ ಮುಚ್ಚಿ ಹೊರಗೆ ಹೋದ.

"ತಪ್ಪು ಅಕ್ಕಂದಲ್ಲ ಸಾರ್. ಕಡಿಮೆ ಮಾಡೋವಾಗ ಎರಡು ಸಲ ಒತ್ಬಿಟ್ಟಿದೀನಿ. ಕೈತಪ್ಪು ನಂದು."

ಇಷ್ಟು ವರ್ಷದ ಕೈ ಇದೇನಾ ಎಂದು ಮಾಲೀಕರು ಎಲ್ಲರ ಮುಂದೆ ಅವನಿಗೆ ಮಂಗಳಾರತಿ ಮಾಡಿದರು. ಅವನು ತಲೆ ತಗ್ಗಿಸಿ ನಿಂತು ಅಷ್ಟನ್ನೂ ಹಾಕಿಸಿಕೊಂಡ. ಅವನು ಒಂದೇ ಸಲ ಒತ್ತಿದ್ದನ್ನು ಪಕ್ಕದಲ್ಲಿ ನಿಂತು ನೋಡಿದ್ದ ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅವನ ಮುಖ ನೋಡಿದಳು. ಅಲ್ಲಿಂದ ಅವಳ ಕಣ್ಣು ಗಾಜಿನ ಕೋಣೆಯ ಬಾಗಿಲಿಗೆ ಬಂದು ಅಳತೆಯಮ್ಮನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅವಳು ಬಾಯಿ ಮುಚ್ಚಿದಳು. ಮಾಲೀಕರ ಸಿಟ್ಟು ಇಳಿಯುತ್ತಾ ಬಂತು. ಚಿಕ್ಕದಾದದ್ದು ತಾನೇ, ನಾಳೆ ಮತ್ತೆ ಬಿಗಿದು ಕೊರೆದರೆ ಎಲ್ಲವೂ ಉಳಿಯುತ್ತದೆ, ಲಾರಿ ಒಂದು ದಿನ ತಡವಾದರೆ ಆಗಲಿ, ಅಕ್ಕನ ವಿಷಯದಲ್ಲಿ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದರು. ತಿಂಗಳುಗಟ್ಟಲೆ ಅಳತೆಯಮ್ಮ ಆ ಇಬ್ಬರ ನಡುವೆ ಇಲ್ಲದ ಗುಟ್ಟೊಂದನ್ನು ಹುಡುಕಿದ್ದಳು. ಈಗ ಇತ್ತು, ಅದನ್ನು ಹುಟ್ಟಿಸಿಕೊಟ್ಟವಳು ಅವಳೇ.

ಮನೆಗೆ ಹೋಗುವಾಗ ಅವನು ಸ್ಕೂಟರನ್ನು ತರಕಾರಿ ಅಂಗಡಿಯ ಹತ್ತಿರ ನಿಲ್ಲಿಸಿ, ನಾಳೆಗೆ ಏನಾದರೂ ಬೇಕಾ ಎಂದು ಕೇಳಿದ. ಬೇಡವೆಂದಳು. ಆದರೂ ಅವಳಿಗೆ ಇಷ್ಟವಾದ ಸೊಪ್ಪು ತಂದ. ಸಿಟ್ಟಾಗಿ ಕೂಗಾಡುವನೆಂದು ಅವಳು ಕಾದಿದ್ದಳು. ಕೂಗಾಡಿದರೆ ಅತ್ತುಬಿಡುವುದು, ಅತ್ತುಬಿಟ್ಟರೆ ಎಲ್ಲ ಹೇಳಿಬಿಡುವುದು, ಆ ಎರಡು ತಟ್ಟೆಯ ಸಂಗತಿಯನ್ನೂ ಹೇಳಿಬಿಡುವುದು ಎಂದು ಅಂದುಕೊಂಡಿದ್ದಳು. ಅವನು ನಲ್ಲಿಯ ವಾಷರು ಸವೆದಿದೆ ಎಂದು ಮಾತಾಡಿದ. ಅತ್ತೆಯ ಮಂಡಿನೋವಿನ ಎಣ್ಣೆ ಮುಗಿದಿದೆಯೇ ಎಂದು ವಿಚಾರಿಸಿದ. ಕೊನೆಗೆ ಮನೆಯ ಮೆಟ್ಟಿಲ ಹತ್ತಿರ ಅವಳೇ ಅವನ ತೋಳು ಹಿಡಿದು ನಿಲ್ಲಿಸಿದಳು.

"ಒಂದು ಮಾತಾದ್ರೂ ಬೈಯ್ರಿ."

"ಬೈಯೋಕೇನಿದೆ," ಎಂದ ಅವನು. "ಆಯ್ತು ಬಿಡು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಕೊಯ್ದದ್ದು ಯಾರ ಮೂಗು ಎಂಬುದು ಕೂಡ ಕೆಲವೊಮ್ಮೆ ತಡವಾಗಿ ಗೊತ್ತಾಗುತ್ತದೆ. ಅವಳು ಸೊಪ್ಪು ಬಿಡಿಸುತ್ತಾ ಕೂತಳು. ಇದೇನೇ ಮುಖ ಹೀಗಿದೆ ಎಂದು ಅತ್ತೆ ಕೇಳಿದ್ದಕ್ಕೆ ತಲೆನೋವು ಎಂದಳು.

ಮಾರನೆಯ ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಕೋಣೆಗೆ ಬಂದು ಕಲ್ಲು ಒರೆಸಿದಳು, ಗೇಜು ಒರೆಸಿದಳು, ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದಿಟ್ಟಳು. ಇವತ್ತು ಅವನು ಕೂತರೆ ತಾನೇ ಮೊದಲು ಬಾಯಿ ಬಿಡಬೇಕು, ಅಕ್ಕನ ಹತ್ತಿರವೂ ಹೋಗಿ ಹೇಳಬೇಕು ಎಂದು ನಿಶ್ಚಯ ಮಾಡಿಕೊಂಡಳು. ಆಚೆ ಯಂತ್ರ ಶುರುವಾದದ್ದು ಕೇಳಿಸಿತು, ನಿಂತದ್ದೂ ಕೇಳಿಸಿತು. ಆದರೆ ತುಂಡು ಬರಲಿಲ್ಲ. ಬಹಳ ಹೊತ್ತಾದ ಮೇಲೆ ಗಂಡ ಬಂದ. ಕೈಯಲ್ಲಿ ಬಟ್ಟೆ ಇರಲಿಲ್ಲ. ತುಂಡನ್ನು ಬರಿಗೈಯಲ್ಲೇ ಹಿಡಿದಿದ್ದ. ಅದನ್ನು ಕಲ್ಲಿನ ಮೇಲಿಟ್ಟ.

"ಕೂತ್ಕೊಳ್ಳಿ," ಎಂದಳು ಅವಳು. "ಆರಲಿ."

"ಆರಿದೆ. ನಾನೂ ಅಕ್ಕನೂ ಅಲ್ಲೇ ಕೂತು ಆರಿಸಿದ್ವಿ. ಮಷೀನಿನ ಕಡ್ಡೀಲಿ ಅಳತೇನೂ ನೋಡಿದೀನಿ, ಸರಿಯಾಗಿದೆ. ನೀನು ಗುರುತು ಹಾಕ್ಬಿಡು."

ಬಹಳ ಮೆಲ್ಲಗೆ, ನೋವಾಗದಂತೆ ಹೇಳಿದ. ಹೇಳಿ ಹೋದ. ತುಂಡಿನ ಪಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಅವನ ಕೈಬರಹದ ಅಂಕಿ ಇತ್ತು. ಅವಳು ಕೈಯ ಹಿಂಭಾಗವನ್ನು ತುಂಡಿಗೆ ತಾಗಿಸಿ ನೋಡಿದಳು, ಕಲ್ಲಿನಷ್ಟೇ ತಣ್ಣಗಿತ್ತು. ಹಸಿರು ಬಣ್ಣದ ಡಬ್ಬಿಯ ಮುಚ್ಚಳ ತೆಗೆದು ಕುಂಚ ಅದ್ದಿದಳು.